ಬೂಟಕ್ಕ ಅಂಗಡಿ ಬಿಟ್ಟು ಹೋದ ಮದುವೆ

ದೊಡ್ಡ ಅಂಗಡಿಗಳ ಬೂಟು ಹಿಡಿಸದ ಕಾಲುಗಳೆಲ್ಲ ಸುತ್ತಿ ಬಳಸಿ ಕೊನೆಗೆ ಬಂದು ಸೇರುತ್ತಿದ್ದದ್ದು ಬೂಟಕ್ಕನ ನೆಲಮಾಳಿಗೆಗೆ. ಒಂದು ಉದ್ದ ಒಂದು ಗಿಡ್ಡ ಇರುವ ಕಾಲು, ಬೆರಳು ಹೆಚ್ಚಾದ ಪಾದ, ಬೆರಳೇ ಉಳಿಯದ ಪಾದ, ಸಕ್ಕರೆ ಕಾಯಿಲೆಯಿಂದ ಗಾಯ ಮಾಯದ ಹಿಮ್ಮಡಿ. ಮೆಟ್ಟಿಲಿಳಿದು ಒಳಗೆ ಕಾಲಿಟ್ಟರೆ ಅಂಟಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಗೋಡೆಯ ಉದ್ದಕ್ಕೂ ಪಾದದಾಕಾರದ ಮರದ ಅಚ್ಚುಗಳು, ಮೂಲೆಯಲ್ಲಿ ತೊಗಲಿನ ಸುರುಳಿಗಳು, ನಡುವೆ ಬೂಟಕ್ಕ. ಒಂದು ಕಾಲದಲ್ಲಿ ಆಕೆ ದೊಡ್ಡ ಬೂಟು ಕಾರ್ಖಾನೆಯಲ್ಲಿದ್ದಳು. ಮುಷ್ಕರದಲ್ಲಿ ಮುಂದೆ ನಿಂತಳು, ಗೇಟಿನ ಹೊರಗೆ ಬಿದ್ದಳು. ಆಗ ಕರೆದು ಕೆಲಸ ಕಲಿಸಿದವಳು ಈ ನೆಲಮಾಳಿಗೆಯ ಹಳೇ ಯಜಮಾನಿ, ಹಲ್ಲಿಲ್ಲದ ಬಾಯಿಯಲ್ಲೂ ಚೂಪು ಮಾತಾಡುವ ಮುದುಕಿ.

ಮುದುಕಿಯ ಪದ್ಧತಿಯೇ ಬೇರೆ. ಗಿರಾಕಿಯನ್ನು ದಪ್ಪ ಗಾಜಿನ ಮಣೆಯ ಮೇಲೆ ನಿಲ್ಲಿಸಿ, ತಾನು ಅದರ ಅಡಿಗೆ ನುಸುಳಿ, ಅಂಗಾತ ಮಲಗಿ ಪಾದ ನೋಡಿ ಹಾಳೆಯ ಮೇಲೆ ಅದರ ಚಿತ್ರ ಬರೆಯುತ್ತಿದ್ದಳು. "ಮೇಲಿಂದ ಎಲ್ಲರೂ ನೋಡ್ತಾರೆ. ಭಾರ ಎಲ್ಲಿ ಬೀಳತ್ತೆ ಅನ್ನೋದು ನೆಲಕ್ಕೆ ಮಾತ್ರ ಗೊತ್ತು. ನೀನು ನೆಲದ ಹಾಗೆ ನೋಡು," ಎನ್ನುತ್ತಿದ್ದಳು. ಅಡಿಯಿಂದ ನೋಡಿದರೆ ಎಡಗಾಲು ಹಾಳೆಯ ಬಲಭಾಗಕ್ಕೆ ಬರುತ್ತದೆ. ಮುದುಕಿ ಹಾಳೆಯ ಬಲಕ್ಕಿದ್ದ ಕಾಲಿಗೆ 'ಬಲ' ಎಂದೇ ಬರೆದಳು, ಬೂಟಕ್ಕನೂ ಹಾಗೇ ಬರೆದಳು. ಹೀಗಾಗಿ ಆ ನೆಲಮಾಳಿಗೆಯಲ್ಲಿ ಬಲ ಎಂದರೆ ಗಿರಾಕಿಯ ಎಡಗಾಲು, ಎಡ ಎಂದರೆ ಬಲಗಾಲು. ಹೊರಗಿನವರಿಗೆ ಹುಚ್ಚು ಅನಿಸಬಹುದು. ಒಳಗಿದ್ದವರಿಗೆ ಮಾತ್ರ ಒಮ್ಮೆಯೂ ಎಡವಟ್ಟಾಗಿರಲಿಲ್ಲ.

ಮುದುಕಿ ಹೋದ ಮೇಲೆ ಹಾಳೆಗಳು ಹೋಗಿ ಕಂಪ್ಯೂಟರ್ ಬಂತು. ಹಿಂದಿನ ಕೋಣೆಯಲ್ಲಿ, ಮೇಜುಬಟ್ಟೆ ಹೊದ್ದುಕೊಂಡು ಕುಳಿತ ಒಂದು ಬೂದು ಪೆಟ್ಟಿಗೆ. ಊರಿನ ಕುಂಟುಕಾಲುಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಪಾಸ್‌ವರ್ಡು ಬೂಟಕ್ಕನ ತಲೆಯಲ್ಲಿತ್ತು. ಆದ್ದರಿಂದ ಪೆಟ್ಟಿಗೆ ಎಲ್ಲೋ ಬೂಟಕ್ಕ ಅಲ್ಲೇ. ನಾಮಕರಣ, ಗೃಹಪ್ರವೇಶ, ಮದುವೆ, ಯಾವುದಕ್ಕೂ ಆಕೆ ಹೋದವಳಲ್ಲ. "ಪೆಟ್ಟಿಗೇನ ಸೊಂಟಕ್ಕೆ ಕಟ್ಕೊಂಡು ಬರ್ಲಾ?" ಎಂದು ಕರೆಯಲು ಬಂದವರ ಬಾಯಿ ಮುಚ್ಚಿಸುತ್ತಿದ್ದಳು. ನೆಂಟರು ಬೈದರು, ಆಮೇಲೆ ಬೈಯುವುದನ್ನೂ ಬಿಟ್ಟರು.

ಬಿಡದವಳು ಒಬ್ಬಳೇ, ಬೂಟಕ್ಕನ ಅಕ್ಕನ ಮಗಳು. ದೂರದ ಬಂದರಿನಲ್ಲಿ ಕ್ರೇನ್ ಓಡಿಸುವ ಗಟ್ಟಿಗಿತ್ತಿ. ಹುಟ್ಟುವಾಗಲೇ ಅವಳ ಎಡಗಾಲು ಗಿಡ್ಡ. ಬೂಟಕ್ಕ ತಾನೊಬ್ಬಳೇ ಮಾಡಿದ ಮೊದಲ ಜೋಡಿ ಅವಳದ್ದೇ. ಅವಳಿಗೆ ಮದುವೆ ಗೊತ್ತಾದಾಗ ಫೋನಿನಲ್ಲಿ ಗುಡುಗಿದಳು: "ನೋಡು ಚಿಕ್ಕಮ್ಮ, ನೀನು ಬರದಿದ್ರೆ ನಾನು ಬರಿಗಾಲಲ್ಲಿ ಕುಂಟ್ಕೊಂಡೇ ಮದುವೆ ಆಗ್ತೀನಿ. ನಿನ್ನ ಬೂಟಿನ ಮರ್ಯಾದೆ ನೀನೇ ನೋಡ್ಕೋ."

ಬೂಟಕ್ಕ ಫೋನಿಟ್ಟು ಮತ್ತೆ ಹೊಲಿಗೆಗೆ ಕೂತಳು.

ಆ ದಿನಗಳಲ್ಲೇ ಮೇಲಿನ ಮನೆಯ ನೀರಿನ ಪೈಪು ಒಡೆಯಿತು. ಬೆಳಿಗ್ಗೆ ಬೀಗ ತೆಗೆದರೆ ಅಚ್ಚುಗಳು ನೀರಿನಲ್ಲಿ ದೋಣಿಗಳಂತೆ ತೇಲಾಡುತ್ತಿದ್ದವು. ಬೂದು ಪೆಟ್ಟಿಗೆ ಮೂಗಿನ ತನಕ ಕುಡಿದು ಸುಮ್ಮನಾಗಿತ್ತು. ಬೂಟಕ್ಕ ಅದನ್ನು ಟವಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ರಿಪೇರಿಯವನ ಬಳಿ ಓಡಿದಳು. ಅವನು ಹೇಗೋ ಒಳಗಿದ್ದದ್ದನ್ನು ಉಳಿಸಿ ಕೈಮುಗಿದ. "ಇನ್ನೊಂದ್ಸಲ ಹಿಂಗಾದ್ರೆ ನನ್ನ ಹತ್ರ ಬರ್ಬೇಡಿ ತಾಯಿ. ಹೆಣಕ್ಕೆ ಔಷಧಿ ಕೊಡೋಕೆ ನಂಗೆ ಬರಲ್ಲ."

ಸೊಸೆಗೆ ಬೇಕಾಗಿದ್ದದ್ದೂ ಇಷ್ಟೇ. ಬೂಟಕ್ಕನ ಮಗನನ್ನು ಮದುವೆಯಾಗಿ ಬಂದಾಗಿನಿಂದ ಅಂಗಡಿಯ ಆರ್ಡರುಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಮೆಲುಮಾತಿನವಳು, ಆದರೆ ಹಿಡಿದ ಹಟ ಬಿಡುವವಳಲ್ಲ.

"ಅತ್ತೆ, ಇದನ್ನೆಲ್ಲ ಕ್ಲೌಡಿಗೆ ಹಾಕ್ಬಿಡೋಣ."

"ನಾನು ಮಾಡಿದ ಕಾಲುಗಳನ್ನ ಗಾಳಿಗೆ ತೂರ್ತೀಯೇನೇ?"

"ಗಾಳಿಯಲ್ಲಿ ಏನೂ ಇಲ್ಲ ಅತ್ತೆ. ಎಲ್ಲೋ ಒಂದು ಗಟ್ಟಿ ಕಟ್ಟಡ, ಅದರ ತುಂಬ ಯಂತ್ರಗಳು. ಒಂದು ಕೆಟ್ರೆ ಇನ್ನೊಂದರಲ್ಲಿ ನಮ್ಮ ಚಿತ್ರ ಇರತ್ತೆ. ನಾವು ಜಾಗಕ್ಕೆ ಬಾಡಿಗೆ ಕೊಡೋದು, ಇಂಟರ್ನೆಟ್ ಇರೋ ಕಡೆಯಿಂದ ತೆಗೆದು ನೋಡೋದು. ಫೋನಲ್ಲೂ ನೋಡ್ಬಹುದು."

"ಕಟ್ಟಡ ಯಾರದ್ದು?"

"ದೊಡ್ಡ ಕಂಪನಿಯದ್ದು."

"ಬಂತಲ್ಲ ದಾರಿಗೆ! ದೊಡ್ಡೋರ ಗೇಟು ಹೆಂಗೆ ಮುಚ್ಚತ್ತೆ ಅಂತ ನಂಗೆ ಗೊತ್ತಮ್ಮ. ನಾಳೆ ಅವನು ಬಾಡಿಗೆ ಏರಿಸಿದ್ರೆ? ಬಾಗಿಲು ಹಾಕ್ಕೊಂಡ್ರೆ?"

ಸೊಸೆ ಇದಕ್ಕೆ ನಗಲಿಲ್ಲ. ಅತ್ತೆಯ ಪ್ರಶ್ನೆಯಲ್ಲಿ ಹುರುಳಿತ್ತು. ಆಗಾಗ ಎಲ್ಲದರ ಒಂದು ಪ್ರತಿ ಇಳಿಸಿ ಮನೆಯಲ್ಲೂ ಇಟ್ಟುಕೊಳ್ಳೋಣ, ಅವನು ಕೈಕೊಟ್ಟರೆ ಇನ್ನೊಬ್ಬನ ಕಡೆ ಹೋಗೋಣ ಎಂದಳು. ಬೂಟಕ್ಕ ಇನ್ನೂ ಮುಖ ಊದಿಸಿಕೊಂಡೇ ಇದ್ದಳು. ಆಗ ಸೊಸೆ ಹೇಳಿದ ಮಾತು ನೇರ ನಾಟಿತು: "ಅತ್ತೆ, ಮೊನ್ನೆ ಪೆಟ್ಟಿಗೆ ಸತ್ತೇಹೋಗಿದ್ರೆ? ನಡೆಯೋಕೇ ಆಗದೋರನ್ನೆಲ್ಲ ಮತ್ತೆ ಈ ಮೆಟ್ಟಿಲು ಇಳಿಸಿ ಅಳತೆ ತಗೋತಿದ್ರಾ?"

ಬೂಟಕ್ಕ ಮೆಟ್ಟಿಲಿನ ಕಡೆ ನೋಡಿದಳು. "ಹಾಳಾಗಿ ಹೋಗ್ಲಿ, ಹಾಕು," ಎಂದಳು.

ಸೊಸೆ ಹಾಕಿದಳು. ಹಾಕುವಾಗ ಅಚ್ಚುಕಟ್ಟಿನ ಹೆಣ್ಣು ಇನ್ನೂ ಒಂದು ಕೆಲಸ ಮಾಡಿದಳು. ಅಂಗಡಿಯ ತಿರುಗುಮುರುಗು ಎಡಬಲವನ್ನು ಲೋಕದ ಎಡಬಲಕ್ಕೆ ಬದಲಿಸಿದಳು. ಮುಂದೆ ಹೊಸಬರು ಕೆಲಸಕ್ಕೆ ಬಂದರೆ ತಲೆ ಕೆಡಬಾರದಲ್ಲ. ಅಂಟಣ್ಣನನ್ನು ಕೂರಿಸಿ ಪಾಠ ಹೇಳಿದಳು. ಬೂಟಿನ ತಳದ ಅಟ್ಟೆ ಕತ್ತರಿಸಿ, ಅಂಟಿಸಿ, ಒತ್ತುವುದೆಲ್ಲ ಅವನದೇ ಕೆಲಸ. ಮುದುಕಿಯ ಕಾಲದಿಂದ ಅಲ್ಲಿದ್ದವನು, ಮಗ್ಗುಲು ಬದಲಿಸಲೂ ಯೋಚಿಸುವ ಆಸಾಮಿ. ಹಾಗಿದ್ದೂ ಕಲಿತ. ಕಲಿತ ಮೇಲೆ ಹೊಸದಾಗಿ ಮತ ಬದಲಿಸಿದವನ ಹುಮ್ಮಸ್ಸು ಅವನಿಗೆ. ಫೋನು ತೆಗೆದುಕೊಂಡು, ಪ್ರತಿ ಹಂತದ ಫೋಟೋ ಹೊಡೆದು ಚಿತ್ರದ ಪಕ್ಕಕ್ಕೆ ಏರಿಸುವುದೇ ಏರಿಸುವುದು. ಎಡಬಲ ಬದಲಾದದ್ದನ್ನು ಬೂಟಕ್ಕನಿಗೂ ಸೊಸೆ ಹೇಳಿದಳು. ಬೂಟಕ್ಕ ಹೊಲಿಗೆಯಿಂದ ತಲೆ ಎತ್ತದೆ "ಹೂಂ" ಅಂದಳು.

ಅಷ್ಟರಲ್ಲಿ ಬಂದರಿನಿಂದ ಹೊಸ ತಾಪತ್ರಯ. ಮದುಮಗಳು ಕ್ರೇನಿನ ಏಣಿಯಿಂದ ಜಿಗಿದು ಅದೇ ಗಿಡ್ಡ ಕಾಲನ್ನು ಮುರಿದುಕೊಂಡಿದ್ದಳು. ಪ್ಲಾಸ್ಟರು ಬಿಚ್ಚುವುದು ಮದುವೆಯ ವಾರದಲ್ಲೇ. ಬಾತ ಪಾದಕ್ಕೆ ಹಳೇ ಬೂಟು ಹತ್ತುವುದಿಲ್ಲ, ಹೊಸದಕ್ಕೆ ಕೈಮುಟ್ಟಿ ಅಳತೆ ತೆಗೆಯಬೇಕು. ಅವಳು ಅಷ್ಟು ದೂರ ಬಸ್ಸಿನಲ್ಲಿ ಕೂರುವ ಹಾಗಿಲ್ಲ. ಬೂಟು ಆಗಬೇಕಾದದ್ದು ಇಲ್ಲಿ, ಕಾಲಿರುವುದು ಅಲ್ಲಿ.

"ಹೋಗಿ ಅತ್ತೆ," ಎಂದಳು ಸೊಸೆ. "ಅಲ್ಲಿಂದ ಚಿತ್ರ ಹಾಕಿ, ಇಲ್ಲಿ ಅಂಟಣ್ಣ ಕತ್ತರಿಸ್ತಾರೆ. ಮದುವೆ ದಿನ ನಾನೇ ಬೂಟು ತರ್ತೀನಿ."

"ಅಂಗಡಿ?"

"ಅಂಗಡಿಗೆ ಕಾಲಿಲ್ಲ ಅಕ್ಕ, ಎಲ್ಲಿಗೂ ಓಡಿಹೋಗಲ್ಲ," ಎಂದ ಅಂಟಣ್ಣ.

ಬೂಟಕ್ಕ ಹೋದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಹೊರಗೆ ನೋಡುವ ಬದಲು ಎದುರು ಸೀಟಿನವರ ಚಪ್ಪಲಿ ನೋಡಿದಳು.

ಅಕ್ಕನ ಮನೆಯಲ್ಲಿ ಗಾಜಿನ ಮಣೆ ಎಲ್ಲಿಂದ ಬರಬೇಕು? ಊಟದ ಮೇಜಿನ ದಪ್ಪ ಗಾಜನ್ನೇ ಕಿತ್ತು ಇಟ್ಟಿಗೆಗಳ ಮೇಲಿಟ್ಟರು. ಮದುಮಗಳು ಹತ್ತಿ ನಿಂತಳು. ಅವಳನ್ನು ಮದುಮಗ ಹಿಡಿದುಕೊಂಡ. ಅವನೂ ಬಂದರಿನವನೇ, ಹಗ್ಗ ಬಿಗಿಯುವ ಕೆಲಸ. ಬೂಟಕ್ಕ ಅಡಿಗೆ ನುಸುಳಿ ಅಂಗಾತ ಮಲಗಿ ಫೋನು ಹಿಡಿದಳು.

"ಚಿಕ್ಕಮ್ಮ, ಅಡಿಯಿಂದ ನೋಡಿದ್ರೆ ನನ್ನ ಹುಡುಗಿ ಹೆಂಗೆ ಕಾಣ್ತಾಳೆ?" ಎಂದ ಮದುಮಗ.

"ಇನ್ನು ಜೀವನ ಪೂರ್ತಿ ನೀನು ಅಡಿಯಿಂದ್ಲೇ ನೋಡೋದು ಕಣಪ್ಪ. ನಿಂಗೇ ಗೊತ್ತಾಗತ್ತೆ."

ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು. ಬೂಟಕ್ಕ ಮಾತ್ರ ಎದ್ದು ಕೂತು, ಹಿಮ್ಮಡಿ ಒತ್ತಿ, ಬಾವು ಸವರಿ, ಇಲ್ಲಿ ಬಿಗಿ ಬೇಡ, ಇಲ್ಲಿ ಆಸರೆ ಬೇಕು ಎಂದೆಲ್ಲ ಚಿತ್ರದ ಮೇಲೆ ಗುರುತು ಹಾಕಿದಳು. ಕೊನೆಗೆ, ಬದುಕಿಡೀ ಬರೆದ ಹಾಗೇ ಬರೆದಳು: 'ಬಲಕ್ಕೆ ಎತ್ತರದ ಅಟ್ಟೆ'. ಗುಂಡಿ ಒತ್ತಿದಳು. ಅತ್ತ ನೆಲಮಾಳಿಗೆಯಿಂದ ಅಂಟಣ್ಣನ ಉತ್ತರ ಆಗಲೇ ಬಂತು: 'ಬಂತಕ್ಕ.' ಬೂಟಕ್ಕ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಯ್ಯೋ ಇದರ, ನಾನು ಇನ್ನೂ ಸೊಂಟ ನೆಟ್ಟಗೆ ಮಾಡಿಲ್ಲ!"

ಮರುದಿನ ಮಧ್ಯಾಹ್ನ ಹೆಂಗಸರ ಜೊತೆ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಈರುಳ್ಳಿಗೆ ನೀರಾಡುವ ಕಣ್ಣಿನಲ್ಲೇ ಫೋನು ತೆರೆದರೆ ಅಂಟಣ್ಣನ ಫೋಟೋ ಬಂದಿತ್ತು. ಕತ್ತರಿಸಿದ ಅಟ್ಟೆಗಳು ನೀಟಾಗಿ ಮಲಗಿದ್ದವು. ನೋಡುತ್ತಿದ್ದಂತೆ ಈರುಳ್ಳಿ ಕೈಯಿಂದ ಉರುಳಿತು. ಎತ್ತರದ ಅಟ್ಟೆ ಹುಡುಗಿಯ ಗಿಡ್ಡ ಎಡಗಾಲಿನದ್ದಲ್ಲ, ಬಲಗಾಲಿನ ಆಕಾರದಲ್ಲಿತ್ತು. ಅದನ್ನು ಹಾಕಿಕೊಂಡರೆ ಅವಳು ಮದುವೆಗೆ ನಡೆದು ಬರುವುದಿಲ್ಲ, ಉರುಳಿ ಬರುತ್ತಾಳೆ.

"ಅಂಟಣ್ಣ! ನಿನ್ನ ಕೈಗೆ ಬೆಂಕಿ ಬೀಳ! ಏನೋ ಕತ್ತರಿಸಿದ್ದೀಯ?"

"ನೀವು ಹೇಳಿದ್ದೇ ಅಕ್ಕ! ಬಲಕ್ಕೆ ಅಂದ್ರಿ, ಬಲಕ್ಕೇ ಹಾಕಿದೀನಿ!"

"ನಮ್ಮ ಬಲ ಅಂದ್ರೆ ಎಡ ಅಲ್ವೇನೋ! ನಿನ್ನ ಗಡ್ಡ ಹಣ್ಣಾಗಿದ್ದು ಬಿಸಿಲಲ್ಲಾ?"

"ಅದು ಹಳೇ ಬಲ ಅಕ್ಕ! ಈಗ ಬಲ ಅಂದ್ರೆ ಬಲ! ನಂಗೂ ಡೌಟು ಬಂತು. ಅಕ್ಕ ಕೊನೆಗೂ ಹೊಸದು ಕಲಿತ್ರಲ್ಲ ಅಂತ ಖುಷಿಪಟ್ಟೆ!"

ಈರುಳ್ಳಿ ಸುಲಿಯುವವರು ಕೈ ನಿಲ್ಲಿಸಿ ಕಿವಿ ನಿಮಿರಿಸಿದ್ದರು. ಅತ್ತ ಕಡೆ ಫೋನು ಸೊಸೆಯ ಕೈಗೆ ಹೋಯಿತು.

"ಅತ್ತೆ, ಎಡಬಲ ಬದಲಾಯಿಸಿದೀನಿ ಅಂತ ಹೇಳಿದ್ದೆನಲ್ಲ. ನೀವು ಹೂಂ ಅಂದ್ರಿ."

"ನಾನು ಹೂಂ ಅಂದಿದ್ದು ಚಹಾಕ್ಕೆ ಕಣೇ! ಚಹಾ ಬೇಕಾ ಅಂತ ಕೇಳ್ದೆ ಅಂದ್ಕೊಂಡೆ!"

ಬೂಟಕ್ಕ ಫೋನಿಟ್ಟು ಒಳಗೆ ಹೋಗಿ ಬಟ್ಟೆಬರೆ ಚೀಲಕ್ಕೆ ತುರುಕತೊಡಗಿದಳು. ಈಗ ಬಸ್ಸು ಹತ್ತಿದರೆ ಹೋಗಿ ತಾನೇ ಕತ್ತರಿಸಬಹುದು. ವಾಪಸು ಬರುವಷ್ಟರಲ್ಲಿ ಮದುವೆ ಮುಗಿದಿರುತ್ತದೆ, ಇರಲಿ. ಹುಡುಗಿ ನೆಟ್ಟಗೆ ನಿಂತರೆ ಸಾಕು.

ಮದುಮಗಳು ಗೋಡೆ ಹಿಡಿದು ಕುಂಟುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ನಿನ್ನ ಬೂಟಿಗೆ. ದಾರಿ ಬಿಡು."

"ಬಿಡಲ್ಲ. ನಂಗೆ ಬೂಟೂ ಬೇಕು, ಚಿಕ್ಕಮ್ಮನೂ ಬೇಕು. ಒಂದು ತಗೊಂಡು ಒಂದು ಬಿಡೋಕೆ ನಾನೇನು ನಿನ್ನ ಹಾಗೆ ಪೆಟ್ಟಿಗೆ ಕಾಯೋಳಾ?"

ಬೂಟಕ್ಕನಿಗೆ ರೇಗಿತು. ಕೈಯಲ್ಲಿದ್ದ ಫೋನಿನಲ್ಲಿ ಅದೇ ಫೋಟೋ ಇನ್ನೂ ತೆರೆದಿತ್ತು. ಆಗ ಸರಿಯಾಗಿ ಕಂಡಿತು. ಅಟ್ಟೆ ಕತ್ತರಿಸಿದ್ದಷ್ಟೇ, ಇನ್ನೂ ಅಂಟಿಸಿರಲಿಲ್ಲ. ಹಿಂದಿನ ಕಾಲವಾಗಿದ್ದರೆ ಈ ತಪ್ಪು ಡಬ್ಬಿಯೊಳಗೆ ಕೂತು, ಕಾಗದ ಸುತ್ತಿಕೊಂಡು, ಮದುವೆಯ ಬೆಳಿಗ್ಗೆ ಎಲ್ಲರ ಮುಂದೆ ಹಲ್ಲು ಕಿರಿಯುತ್ತಿತ್ತು. ಈಗ ಇಲ್ಲಿ, ಈರುಳ್ಳಿ ರಾಶಿಯ ಪಕ್ಕದಲ್ಲೇ ಸಿಕ್ಕಿಬಿದ್ದಿದೆ.

ಚೀಲವನ್ನು ಮಂಚದ ಮೇಲೆ ಎಸೆದು ಚಿತ್ರ ತೆರೆದಳು. 'ಬಲ' ಅಳಿಸಿದಳು. 'ಎಡ' ಎಂದು ಬರೆಯುವಾಗ ಬೆರಳು ಒಪ್ಪಲಿಲ್ಲ. ಹುಡುಗಿಯ ಪಾದ ಮುಟ್ಟಿ ನೋಡಿ, ಲೋಕದವರು ಅನ್ನುವ ಎಡ ಇದೇ ಎಂದು ಖಾತ್ರಿ ಮಾಡಿಕೊಂಡು ಬರೆದಳು. ಗುಂಡಿ ಒತ್ತಿ ಫೋನು ಮಾಡಿದಳು.

"ಅಂಟಣ್ಣ, ನೋಡ್ದ್ಯಾ?"

"ನೋಡ್ದೆ ಅಕ್ಕ. ಹೊಸ ಎಡ. ಅಂದ್ರೆ ಎಡ."

"ತೊಗಲು ಸಾಕಷ್ಟಿದ್ಯಾ?"

"ಇದೆ. ನೀವು ಬರ್ತೀರಾ?"

ಬೂಟಕ್ಕ ಬಾಗಿಲಲ್ಲಿ ನಿಂತವಳನ್ನು ನೋಡಿದಳು. "ಇಲ್ಲ ಕಣೋ. ನೀನೇ ಮಾಡು. ಕೈ ನಿಂದು, ಬೈಗುಳ ಮಾತ್ರ ಇಲ್ಲಿಂದ ಬರತ್ತೆ."

ಸಂಜೆಯೊಳಗೆ ಫೋಟೋಗಳು ಒಂದರ ಹಿಂದೊಂದು ಬಂದವು. ಕತ್ತರಿಸಿದ್ದು, ಅಂಟಿಸಿದ್ದು, ಒತ್ತಿದ್ದು. ಹಿಮ್ಮಡಿಯ ಅಂಚು ಇನ್ನೂ ಸ್ವಲ್ಪ ಉಜ್ಜು ಎಂದು ಇವಳು ಗುರುತು ಹಾಕಿದರೆ, ಚಹಾ ಆರುವುದರೊಳಗೆ ಉಜ್ಜಿದ ಅಂಚು ಬಂದು ನಿಲ್ಲುತ್ತಿತ್ತು. ಈರುಳ್ಳಿಯ ಹೆಂಗಸರಿಗೂ ಚಟ ಹತ್ತಿತು. "ಆ ದಾರ ಕೆಂಪು ಹಾಕ್ಸು," ಎಂದಳೊಬ್ಬಳು. ಬೂಟಕ್ಕ ಅದನ್ನೂ ಬರೆದಳು. ಅಂಟಣ್ಣ ಗೊಣಗುತ್ತಲೇ ಕೆಂಪು ದಾರ ಹಾಕಿದ.

ಮದುವೆಯ ಬೆಳಿಗ್ಗೆ ಸೊಸೆ ಡಬ್ಬಿ ಹಿಡಿದು ಬಸ್ಸಿಳಿದಳು. ಬೂಟಕ್ಕ ಅವಳ ಕುಶಲವನ್ನೂ ಕೇಳದೆ ಡಬ್ಬಿ ಕಿತ್ತುಕೊಂಡು, ಮದುಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೂಟು ತೊಡಿಸಿದಳು. "ನಿಲ್ಲು." ಹುಡುಗಿ ನಿಂತಳು. ಬೂಟಕ್ಕ ನೆಲಕ್ಕೆ ಕೆನ್ನೆ ತಾಗಿಸಿ ಎರಡೂ ಹಿಮ್ಮಡಿ ನೋಡಿದಳು, ಎದ್ದು ಭುಜ ನೋಡಿದಳು. ಎರಡೂ ಭುಜ ಸರಿಸಮ.

"ಎಲ್ಲಾದ್ರೂ ಚುಚ್ಚತ್ತಾ?"

"ಉಹೂಂ."

"ಹಾಗಿದ್ರೆ ಯಾಕೆ ಅಳ್ತೀಯ ಮುಂಡೇದೇ? ಹೋಗಿ ಮದುವೆ ಆಗು."

ಸಹಿ ಹಾಕಿ, ಹಾರ ಹಾಕಿ, ಊಟವಾದ ಮೇಲೆ ಬಂದರು ಕೆಲಸಗಾರರ ಸಭಾಂಗಣದಲ್ಲಿ ಹಾಡು ಕುಣಿತ ಶುರುವಾಯಿತು. ಮದುಮಗಳು ಕೆಂಪು ದಾರದ ಬೂಟಿನಲ್ಲಿ ನೆಲ ಅದುರುವಂತೆ ಕುಣಿದಳು. ಮದುಮಗ ಅವಳ ಓಟಕ್ಕೆ ಹೆಜ್ಜೆ ಕೂಡಿಸಲಾಗದೆ ಏದುಸಿರು ಬಿಟ್ಟ. ಗೋಡೆಗೆ ಒರಗಿ ಕೂತಿದ್ದ ಬೂಟಕ್ಕನ ಕಣ್ಣು ಬೂಟಿನ ಮೇಲೇ ಇತ್ತು. ಅಷ್ಟರಲ್ಲಿ ಫೋನು ಅದುರಿತು. ಅಂಟಣ್ಣ.

"ಅಕ್ಕ, ಹೊಸ ಗಿರಾಕಿ ಬಂದಿದಾರೆ. ಗಾಜಿನ ಮೇಲೆ ನಿಲ್ಸಿ ಚಿತ್ರ ತೆಗೆದು ಹಾಕಿದೀನಿ. ಒಂಚೂರು ನೋಡ್ತೀರಾ?"

ಚಿತ್ರ ಕೈಯಳತೆಯಲ್ಲೇ ಇತ್ತು. ಬೂಟಕ್ಕನ ಬೆರಳು ಅದರ ಕಡೆ ಹೋಯಿತು. ಅಷ್ಟರಲ್ಲಿ ಮದುಮಗಳು ಬಂದು ಅವಳ ಇನ್ನೊಂದು ಕೈ ಹಿಡಿದೆಳೆದಳು.

"ಚಿತ್ರ ಎಲ್ಲಿಗೂ ಹೋಗಲ್ಲ ಕಣೋ," ಎಂದಳು ಬೂಟಕ್ಕ ಫೋನಿಗೆ. "ಕೂರ್ಸಿ ಚಹಾ ಕೊಡು. ನಾಳೆ ನೋಡ್ತೀನಿ."

"ನಾಳೆ ಬರ್ತೀರಾ?"

"ನೋಡ್ತೀನಿ ಅಂದೆ, ಬರ್ತೀನಿ ಅಂದ್ನಾ?" ಎಂದು ಫೋನನ್ನು ಸೊಸೆಯ ಮಡಿಲಿಗೆ ಹಾಕಿ ಕುಣಿಯಲು ಹೋದಳು.