ಬಚ್ಚಲ ಕಲ್ಲಿನ ತಂಪು

ಮೊದಲು ಮಾಯವಾದದ್ದು ಸೂಜಿಯ ಕಣ್ಣು.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಮದುವೆ ಬ್ಲೌಸ್ ಹೊಲಿಯಲು ಮಷಿನ್ನಿಗೆ ದಾರ ಪೋಣಿಸುತ್ತಿದ್ದೆ. ಸೂಜಿ ಅರ್ಧ ಕಾಣುತ್ತಿತ್ತು, ಅರ್ಧ ಇರಲಿಲ್ಲ. ಇಲ್ಲದ ಜಾಗದಲ್ಲಿ ಅಂಕುಡೊಂಕಾದ ಬೆಳಕಿನ ಗೆರೆ ಮಿನುಗುತ್ತಿತ್ತು. ಕಣ್ಣುಜ್ಜಿಕೊಂಡೆ. ಹೋಗಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಗೆರೆ ತಾನಾಗಿ ಅಳಿಸಿಹೋಯಿತು, ಎಡಗಣ್ಣಿನ ಹಿಂದೆ ನೋವು ಶುರುವಾಯಿತು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ಶಟರ್ ಎಳೆದು ಮನೆಗೆ ಬಂದೆ. ವಾಂತಿಯಾಯಿತು. ಸಂಜೆವರೆಗೆ ಪರದೆ ಎಳೆದ ಕೋಣೆಯಲ್ಲಿ ಬಿದ್ದಿದ್ದೆ.

ಮೂರನೆಯ ಸಲ ಬಂದಾಗ ಹಾಸಿಗೆ ಆಗಿಬರಲಿಲ್ಲ. ದಿಂಬು ಕೂಡ ಬಿಸಿ ಅನ್ನಿಸಿತು. ಹೇಗೆ ಎದ್ದೆನೋ, ಎಲ್ಲಿಗೆ ನಡೆದೆನೋ ನೆನಪಿಲ್ಲ. ಶಾಲೆಯಿಂದ ಬಂದ ಮಗಳು ಸಿಂಚನಾ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು.

“ಅಮ್ಮ, ಹಿಂಗ್ಯಾಕ ಮಲ್ಕಂಡೀಯ?”

ಒದ್ದೆ ಕಲ್ಲಿಗೆ ಹಣೆ ಒತ್ತಿ ಬೋರಲಾಗಿ ಬಿದ್ದಿದ್ದೆ.

ಈ ದೃಶ್ಯವನ್ನು ನಾನು ಹಿಂದೆ ನೋಡಿದ್ದೆ. ಆಗ ಬಾಗಿಲಲ್ಲಿ ನಿಂತವಳು ನಾನು.

ಹರಿಹರದ ನಮ್ಮ ಮನೆಯಲ್ಲಿ ಅವ್ವ ತಿಂಗಳಿಗೆ ಎರಡು ಮೂರು ಸಲ ಬಚ್ಚಲ ಕಲ್ಲಿಗೆ ಹಣೆಯಿಟ್ಟು ಮಲಗುತ್ತಿದ್ದಳು. ಮಾತಾಡಿಸಿದರೆ ಮಾತಿಲ್ಲ. ಬೆಳಕು ಬಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, “ಇವ್ಳಿಗೆ ಗಾಳಿ ಸೋಕೈತೆ” ಅಂದಳು. ಮಂತ್ರ ಹಾಕುವವನೊಬ್ಬ ಬಂದ. ಅವ್ವನನ್ನು ಕೋಣೆಯಲ್ಲಿ ಕೂರಿಸಿ, ಕಿಟಕಿ ಮುಚ್ಚಿ, ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದರು. ನನಗಾಗ ಹತ್ತು ವರ್ಷ. ಅಜ್ಜಿ ನನ್ನ ಕೈಗೆ ಬೀಸಣಿಕೆ ಕೊಟ್ಟು, “ಬೀಸು, ಹೊಗಿ ಅವ್ಳ ಮಖಕ್ಕೆ ಹೋಗ್ಲಿ” ಅಂದಳು.

ಬೀಸಿದೆ.

ಅವ್ವ ಕೂಗಲಿಲ್ಲ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಅವಳು ಬಚ್ಚಲಲ್ಲಿ ಮಲಗಿದ್ದನ್ನು ಯಾರೂ ನೋಡಲಿಲ್ಲ. ಗಾಳಿ ಬಿಟ್ಟಿತು ಎಂದು ಮನೆಯವರೆಲ್ಲ ನಂಬಿದರು. ನಾನೂ ನಂಬಿದೆ. ಎಷ್ಟೋ ವರ್ಷಗಳ ಮೇಲೆ ಅವ್ವ ಬೇರೊಂದು ಕಾಯಿಲೆಯಿಂದ ತೀರಿಕೊಂಡಳು.

ನ್ಯೂರಾಲಜಿಸ್ಟ್ ನನ್ನ ಸ್ಕ್ಯಾನ್ ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ, ಇದು ಮೈಗ್ರೇನ್ ಎಂದರು.

“ಮನೆತನದಲ್ಲಿ ಯಾರಿಗಾದ್ರೂ ಇತ್ತೇನಮ್ಮ?”

“ನಮ್ಮವ್ವಗೆ ಇತ್ರಿ,” ಅಂದೆ. ನನ್ನ ಬಾಯಿಂದ ಬಂದ ಮೇಲೆಯೇ ಅದು ನನಗೆ ತಿಳಿದದ್ದು.

“ಅವ್ರು ಏನ್ ತಗೊಳ್ತಿದ್ರು?”

ಪಕ್ಕದಲ್ಲಿದ್ದ ನನ್ನ ಗಂಡ ನಾಗರಾಜ್, “ಆಗೆಲ್ಲ ಗೊತ್ತಿರ್ಲಿಲ್ಲ ಬಿಡ್ರಿ ಸರ್” ಅಂದರು.

ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಜೊತೆಗೆ ಐಸ್ ಪ್ಯಾಕ್ ಇಟ್ಟುಕೊಳ್ಳಲು ಹೇಳಿದರು. “ಬಟ್ಟೆ ಸುತ್ತಿ ಕತ್ತಿನ ಹಿಂದೆ ಇಡ್ರಿ, ಹಣೆ ಮೇಲೂ ಇಡಬಹುದು. ಹದಿನೈದು ನಿಮಿಷ ಸಾಕು. ಇದ್ರಿಂದ ಕಾಯಿಲೆ ವಾಸಿ ಆಗಲ್ಲ, ನೋವು ತಡ್ಕೊಳ್ಳೋಕೆ ಅನುಕೂಲ.”

ಮುಂದಿನ ಸಲ ಬಟ್ಟೆಯ ಮಾತು ಮರೆತು ಫ್ರೀಜರಿನ ಐಸನ್ನು ಹಾಗೇ ಹಣೆಗೆ ಒತ್ತಿಕೊಂಡೆ. ಚರ್ಮ ಕೆಂಪಾಗಿ ಎರಡು ದಿನ ಉರಿಯಿತು. ಆಮೇಲೆ ಜೆಲ್ ಪ್ಯಾಕ್ ತಂದೆವು. ಅಂಗಡಿಯ ಲೈನಿಂಗ್ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದೆ. ಕತ್ತಿನ ಹಿಂದೆ ಇಟ್ಟುಕೊಂಡರೆ ಮೊದಲು ಚಳಿ ಕಚ್ಚುತ್ತದೆ, ನಿಧಾನಕ್ಕೆ ಆ ಜಾಗ ಮರಗಟ್ಟುತ್ತದೆ. ನೋವು ಹೋಗುವುದಿಲ್ಲ. ಒಂದೆರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ.

ಆ ಬಿಡುವಿನಲ್ಲಿ ಅವ್ವ ಬರುತ್ತಾಳೆ.

ಹೊಗೆಯ ಆಚೆ ಕೂತು ನೋಡುತ್ತಾಳೆ. ನಾನು ಕಣ್ಣು ಬಿಟ್ಟರೂ ಅವಳು ಎದ್ದು ಹೋಗುವುದಿಲ್ಲ.

ತಡೆಯಲಾರದೆ ಒಂದು ಭಾನುವಾರ ಹರಿಹರಕ್ಕೆ, ಅವ್ವನ ಅಕ್ಕನ ಮನೆಗೆ ಹೋದೆ. ದೊಡ್ಡಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಹೊಗೆ ಹಾಕಿದ ಮೇಲೆ ಅವ್ವನ ತಲೆನೋವು ನಿಜವಾಗಿ ನಿಂತಿತ್ತಾ ಎಂದು ಕೇಳಿದೆ. ಅವಳ ಕೈ ನಿಂತಿತು.

“ಎಲ್ಲಿ ನಿಲ್ತೈತಮ್ಮ. ಬಟ್ಟೆ ಒಗಿಯಾಕೆ ಅಂತ ಹೇಳಿ ಹೊಳಿಗೆ ಹೋಗ್ತಿದ್ಲು. ಮನ್ಯಾಗೇ ನಲ್ಲಿ ಇತ್ತಲ್ಲ, ಹೊಳಿಗ್ಯಾಕ ಹೋಗ್ಬೇಕು ಹೇಳು. ಕತ್ತಿನ ತನ ನೀರಾಗೆ ಕುಂತು, ತಲಿ ಹಿಂದಕ್ಕೆ ಚೆಲ್ಲಿ ಕಣ್ಮುಚ್ಕಣೋಳು. ನಾನು ದಂಡಿ ಮ್ಯಾಲೆ ಕಾಯ್ತಿದ್ದೆ.”

“ನನಗ್ಯಾಕ ಹೇಳ್ಲಿಲ್ಲ?”

“ನಿನಗಂತೂ ಹೇಳಬ್ಯಾಡ ಅಂದಿದ್ಲು. ಆವತ್ತು ಮಗಾ ಭಾಳ ಹೆದರ್ಕಂಡೈತೆ, ಮತ್ತೆ ಹೆದರಬಾರ್ದು ಅಂತಿದ್ಲು.”

ಬಸ್ ಹತ್ತುವ ಮುಂಚೆ ತುಂಗಭದ್ರೆಯ ದಂಡೆಗೆ ಹೋದೆ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಹಳ ಹೊತ್ತು ನಿಂತಿದ್ದೆ. ನೀರಿಗೆ ಕೈ ಹಾಕಲು ಆಗಲಿಲ್ಲ.

ಈಗ ನೋವು ಬರುವುದು ಕಡಿಮೆಯಾಗಿದೆ, ನಿಂತಿಲ್ಲ. ಗೆರೆ ಮಿನುಗಿದ ಕೂಡಲೇ ಮಾತ್ರೆ ನುಂಗುತ್ತೇನೆ, ನಾಗರಾಜ್ ಪರದೆ ಎಳೆಯುತ್ತಾರೆ, ಮಗಳು ಪ್ಯಾಕ್ ತರುತ್ತಾಳೆ. ಇಷ್ಟು ಸಣ್ಣ ಉಪಚಾರ. ಇದರಲ್ಲಿ ಯಾವುದೂ ಅವ್ವನಿಗೆ ಸಿಗಲಿಲ್ಲ.

ಹೋದ ವಾರ ನೋವು ಬಂದು ಮಲಗಿದ್ದಾಗ ಸಿಂಚನಾ, “ಅಜ್ಜಿಗೂ ಹಿಂಗೇ ನೋಯ್ತಿತ್ತಾ?” ಅಂದಳು. ಎಲ್ಲ ಹೇಳಿದೆ. ಬೀಸಣಿಕೆಯದ್ದನ್ನೂ ಹೇಳಿದೆ.

“ಅಜ್ಜಿ ನಿಂಗೆ ಬೈಲಿಲ್ವಾ?”

“ಇಲ್ಲ. ಒಂದಿನಾನೂ ಇಲ್ಲ.”

ಅವಳು ನನ್ನ ಕತ್ತಿನಡಿಯ ಪ್ಯಾಕನ್ನು ಮುಟ್ಟಿ ನೋಡಿದಳು. “ಬೈದಿದ್ರೆ ಚೆನ್ನಾಗಿತ್ತು, ಅಲ್ವಾ ಅಮ್ಮ?”

“ಹೂಂ,” ಅಂದೆ.

ತಂಪು ಕಳೆದ ಪ್ಯಾಕನ್ನು ನನ್ನ ಕತ್ತಿನಡಿಯಿಂದ ತೆಗೆದು, ಫ್ರೀಜರಿನಲ್ಲಿಟ್ಟು ಬಂದಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಪಕ್ಕದಲ್ಲಿ ಕೂತಳು.