ಕುಣಿದು ನೋಡದ ಸಾರವೆ

ಅವತ್ತು ನಾನು ಸಾರವೆ ಹತ್ತಿ ಕುಣಿಯಲಿಲ್ಲ. ಕುಣಿದೆ ಎಂದು ತಮ್ಮನಿಗೆ ಸುಳ್ಳು ಹೇಳಿದೆ. ಅವನ ಸೊಂಟ ಮುರಿದದ್ದು ಇಷ್ಟಕ್ಕೇ.

ನಾವಿಬ್ಬರೂ ಗಾರೆ ಕೆಲಸದವರು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅವನು ಅಷ್ಟೂ ಇಲ್ಲ. ತರೀಕೆರೆಯಲ್ಲಿ ಸೋದರಮಾವನ ಕೈಕೆಳಗೆ ಕರಣೆ ಹಿಡಿಯುವುದು ಕಲಿತೆವು. ಎತ್ತರದ ಗೋಡೆಯಾದರೆ ಬೊಂಬು ನೆಟ್ಟು, ತೆಂಗಿನ ನಾರಿನ ಹಗ್ಗ ಬಿಗಿದು, ಹಲಗೆ ಹಾಸಿ, ನಿಂತು ಕೆಲಸ ಮಾಡಲು ಸಾರವೆ ಕಟ್ಟುತ್ತೇವೆ. ಮಾವನದು ಒಂದೇ ಕಟ್ಟಳೆ. ಕಟ್ಟಿದವನೇ ಮೊದಲು ಹತ್ತಬೇಕು, ಕಂಬ ಹಿಡಿದುಕೊಂಡು ಹಲಗೆಯ ಉದ್ದಕ್ಕೂ ಕುಣಿಯಬೇಕು. ಗಂಟು ಜಾರುವುದಿದ್ದರೆ ಆಗಲೇ ಜಾರುತ್ತದೆ.

"ಬಿದ್ರೆ ಕಟ್ಟಿದೋನೇ ಬೀಳ್ಲಿ ಕಣೋ. ನಂಬಿ ಹತ್ತಿದೋನ್ ಯಾಕ್ ಬೀಳ್ಬೇಕು?" ಅನ್ನುತ್ತಿದ್ದ. ಅವನು ಕುಣಿದರೆ ಹೊಟ್ಟೆಯೂ ಕುಣಿಯುತ್ತಿತ್ತು, ನಾವು ನಗುತ್ತಿದ್ದೆವು. ಅವನ ಸಾರವೆಯಿಂದ ಒಬ್ಬರೂ ಬೀಳಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆ ರಿಪೇರಿಯನ್ನು ನಾನೇ ಒಪ್ಪಿಕೊಂಡೆ. ಮೊದಲ ಸಲ ಜನ ನನ್ನನ್ನು ಮೇಸ್ತ್ರಿ ಅಂದರು. ಒಂದು ದಿನ ಸಾರವೆ ಮೇಲೆ ಕುಣಿಯುತ್ತಿದ್ದೆ. ಜಗಲಿಯಲ್ಲಿ ನೆಂಟರ ಜೊತೆ ಕಾಫಿ ಕುಡಿಯುತ್ತಿದ್ದ ಯಜಮಾನರು, "ಏನ್ ಮೇಸ್ತ್ರಿ, ಡೋಲು ತರಿಸ್ಲಾ? ಕೋತಿ ಕುಣ್ದಂಗೆ ಕುಣೀತೀಯಲ್ಲಪ್ಪಾ!" ಎಂದರು. ನೆಂಟರು ನಕ್ಕರು, ಕಿಟಕಿಯೊಳಗಿನ ಹೆಂಗಸರೂ ನಕ್ಕರು. ನಾನು ಹಲ್ಲು ಕಿರಿದು ಕೆಳಗಿಳಿದೆ. ಇನ್ನು ಇವರ ಕಣ್ಣೆದುರು ಕುಣಿಯಬಾರದು ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಹಿಂದಿನ ಗೋಡೆಗೆ ಸಾರವೆ ಕಟ್ಟಿದೆ. ಯಜಮಾನರು ಅಲ್ಲೇ ನಿಂತಿದ್ದರು. ಹಗ್ಗವನ್ನು ಕೈಯಲ್ಲಿ ಜಗ್ಗಿ ನೋಡಿ ಸುಮ್ಮನಾದೆ. ತಮ್ಮ ಗಾರೆಯ ಬಾಂಡ್ಲಿ ಎತ್ತಿಕೊಂಡು ಬಂದ.

"ಅಣ್ಣ, ಕುಣ್ದ್ಯಾ?"

"ಹೂಂ ಕಣೋ, ಆಗ್ಲೇ ಕುಣ್ದೆ. ಹತ್ತು."

ಹತ್ತಿದ. ಮೂಲೆಗೆ ಹೋದ. ಆ ಮೂಲೆಯ ಗಂಟು ಜಾರಿ ಹಲಗೆ ವಾಲಿತು. ಕೆಳಗೆ ಕಿತ್ತು ಹಾಕಿದ್ದ ಹಳೇ ಇಟ್ಟಿಗೆಯ ರಾಶಿಯ ಮೇಲೆ ಅಂಗಾತ ಬಿದ್ದ.

"ನೋಡ್ಕೊಂಡ್ ಕಾಲಿಡ್ಬಾರ್ದಾ?" ಅಂದರು ಯಜಮಾನರು. ಊರವರು ಹಣೆಬರಹ ಅಂದರು. ನಾನು ಎರಡಕ್ಕೂ ತಲೆಯಾಡಿಸಿದೆ. ಆ ಗೋಡೆಯನ್ನು ಮುಗಿಸಿಯೂ ಕೊಟ್ಟೆ.

ತಮ್ಮ ಮತ್ತೆ ನೆಟ್ಟಗೆ ನಡೆಯಲಿಲ್ಲ. ಪಂಚನಹಳ್ಳಿಯ ನಮ್ಮ ಮನೆಯ ಬಾಗಿಲಲ್ಲಿ ಕೂತು ನಾರಿನ ಹಗ್ಗ ಹೊಸೆಯತೊಡಗಿದ. ಆ ಹಗ್ಗವನ್ನೇ ನಾನು ಸಾರವೆಗೆ ಒಯ್ಯುತ್ತಿದ್ದೆ. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ: "ಅಣ್ಣ ಕುಣ್ದು ನೋಡಿದ್ದ. ನಾನೇ ಧಡ್ ಅಂತ ಕಾಲಿಟ್ಬಿಟ್ಟೆ." ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ. ಅದಾದ ಮೇಲೆ ಯಾರು ನಕ್ಕರೂ ಬಿಡದೆ ಕುಣಿದೆ. ಕುಣಿದು ಏನು ಬಂತು?

ಕೆಲವು ವರ್ಷ ಕಳೆದವು. ಅಜ್ಜಂಪುರದಲ್ಲಿ ಮಂಡಿಯೊಂದರ ಗೋಡೆ ಎತ್ತರಿಸುವ ಕೆಲಸ ಸಿಕ್ಕಿತು. ಮನೆ ನಡೆಯಬೇಕಲ್ಲ, ತಮ್ಮನ ಹೆಂಡತಿ ಗಾರೆ ಹೊರಲು ನನ್ನ ಜೊತೆ ಹೊರಟಳು. ಎತ್ತರ ಅಂದರೆ ಅವಳಿಗೆ ಹೆದರಿಕೆ. ತಲೆಯ ಸಿಂಬಿಗೆಂದು ಹಳೇ ಸೀರೆ ಹರಿಯುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಹೆದರ್ಬೇಡ ಕಣೇ," ಅಂದ ತಮ್ಮ. "ಅಣ್ಣ ಕುಣ್ದೆ ಅಂದ್ರೆ ಮುಗೀತು. ಕಣ್ ಮುಚ್ಕೊಂಡ್ ಹತ್ತು."

"ಬೇಡಮ್ಮ," ಎಂದೆ. "ನನ್ ಮಾತ್ ನಂಬಿ ಹತ್ಬೇಡ. ನಾನ್ ಕುಣಿಯೋದನ್ನ ಕಣ್ಣಾರೆ ನೋಡಿ ಹತ್ತು."

"ಇದೇನಣ್ಣ, ಹಿಂಗಂತೀಯ?" ತಮ್ಮ ನಕ್ಕ. ನಾರು ಹೊಸೆಯುವ ಕೈ ಮಾತ್ರ ನಿಂತಿತ್ತು.

ಅವನ ಮುಂದೆ ನೆಲದ ಮೇಲೆ ಕೂತೆ.

"ಅವತ್ತು ನಾನು ಕುಣೀಲಿಲ್ಲ ಕಣೋ. ಸುಳ್ಳು ಹೇಳ್ದೆ. ನೀನ್ ಕಾಲಿಟ್ಟಿದ್ದು ಸರಿಯಾಗೇ ಇತ್ತು. ನಂದು ತಪ್ಪಾಯ್ತು, ನನ್ನ ಕ್ಷಮಿಸ್ಬಿಡು."