ಭಂಡಾರ ಮುಟ್ಟಿ ಕೊಟ್ಟ ಜಾಗ

ಅಲಖನೂರಿನ ಮನಿಷಾ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆಂದಾಗ ಅವ್ವ ಕಮಲಾಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದ್ದಳು, "ಸತ್ತವರ ಸುದ್ದಿ ಓದಿದ್ರ ಹೊಟ್ಟಿ ತುಂಬ್ತೈತೇನ ಬೇ?"

ಮನಿಷಾ ಕೇಳಲಿಲ್ಲ. ಬರೆಯಲು ಬಾರದವರ ಬಾಯಿಮಾತೂ ಸಾಕ್ಷಿಯೇ ಎಂಬುದನ್ನು ಧಾರವಾಡದಲ್ಲಿ ಕಲಿತು ಬಂದು, ಊರ ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿದಳು. ಪುಸ್ತಕ ಮುಚ್ಚಿಸಿ, "ಮನ್ಯಾಗಿನ ಹಿರ್ಯಾರನ್ನ ಕೇಳ್ಕೊಂಡ ಬರ್ರಿ" ಅನ್ನುವಳು. ಮಕ್ಕಳು ಕಥೆ ಹೊತ್ತು ಓಡಿಬರುತ್ತಿದ್ದವು. ನೌಕರಿ ಮಾತ್ರ ವರ್ಷಗಟ್ಟಲೆ ಕಾಯಂ ಆಗಲಿಲ್ಲ.

ಶಾಲೆಯ ಸುವರ್ಣ ಮಹೋತ್ಸವ ಬಂತು. ಶಾಲೆ ಹುಟ್ಟಿದ ಕಥೆ ಹೇಳಲು ಕುರುಬರ ಹುಡುಗಿ ಮಾಯಕ್ಕ ಸಿದ್ಧಳಾದಳು.

"ಟೀಚರ್, ಈ ಜಾಗಾ ನಮ್ಮ ಮಲಕಾರಿ ಮುತ್ಯಾನ ಅಪ್ಪ ಕೊಟ್ಟದ್ದಂತ್ರಿ. ಗುಡ್ಯಾಗ ಭಂಡಾರ ಮುಟ್ಟಿ ಕೊಟ್ನಂತ."

ಭಂಡಾರವೆಂದರೆ ದೇವರ ಅರಿಸಿನ; ಅದನ್ನು ಮುಟ್ಟಿ ಮಾತು ಕೊಟ್ಟ ಮೇಲೆ ಆ ಮಂದಿಗೆ ಕಾಗದ ಯಾಕೆ? ಕಾಗದ ಆಮೇಲಾಯಿತು. ದಾನಿಯೆಂದು ಅದರಲ್ಲಿ ಬಂದದ್ದು ಶಾಲೆಯ ಈಗಿನ ಚೇರಮನ್ ವಿರುಪಾಕ್ಷಪ್ಪನ ತಂದೆಯ ಹೆಸರು. ಮನಿಷಾ ಬೇರೆ ಬೇರೆ ಓಣಿಯ ಮುದುಕರನ್ನು ಕೇಳಿದಳು. ಎಲ್ಲರದೂ ಮಾಯಕ್ಕ ಹೇಳಿದ ಮಾತೇ.

ವಿರುಪಾಕ್ಷಪ್ಪ ಕರೆಸಿದ. "ಬಾಯಾರ, ನಿಮ್ಮ ಕಾಯಂ ಆರ್ಡರ್ ಸಹಿಗೆ ಬಂದೈತಿ. ಆ ಹುಡುಗಿ ಕಡೆ ಸ್ವಾಗತಗೀತೆ ಹಾಡಸ್ರಿ, ಸಾಕು."

"ಊರ ಹಿರ್ಯಾರೆಲ್ಲಾ ಅದನ್ನ ಹೇಳ್ತಾರಲ್ರಿ, ಸಾವಕಾರ್ರ."

"ಕಾಗದ ಐತೇನ್ರಿ? ಇತಿಹಾಸ ಕಲ್ತಾಕಿ ನೀವು, ಪುರಾವೆ ಬ್ಯಾಡೇನ?"

ಅದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿಕೊಟ್ಟೇ ಇಷ್ಟು ವರ್ಷ ಅನ್ನ ತಿಂದಿದ್ದಳು. ನುಂಗಿಕೊಂಡಳು.

"ಕಾಗದ ಇಲ್ಲವ್ವಾ ಮಾಯಕ್ಕ," ಎಂದಳು ಹುಡುಗಿಗೆ. "ನೀ ಹಾಡ ಹಾಡು."

"ಬಾಯಿಮಾತೂ ಸಾಕ್ಷಿ ಅಂತ ನೀವ ಹೇಳಿದ್ರಲ್ರಿ?"

ಮನಿಷಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮಹೋತ್ಸವದ ದಿನ ಮಲಕಾರಿ ಮುತ್ಯಾ ಹೊಸ ರುಮಾಲು ಸುತ್ತಿ ಮುಂದಿನ ಸಾಲಿನಲ್ಲೇ ಕೂತಿದ್ದ. ಮೊಮ್ಮಗಳು ಮಾಯಕ್ಕ ಹಾಡಿದಳು, ಭಾಷಣಗಳಾದವು, ಹಾರಗಳು ಬಿದ್ದವು. ಅಪ್ಪನ ಹೆಸರು ಈಗ ಬಂದೀತು, ಆಗ ಬಂದೀತು ಎಂದು ಕಿವಿಗೆ ಕೈ ಹಚ್ಚಿ ಕಾಯ್ದ. ಪೆಂಡಾಲು ಬಿಚ್ಚತೊಡಗಿದಾಗ ಕಂಬಳಿ ಹೆಗಲಿಗೇರಿಸಿ ಎದ್ದು ಹೋದ.

ಆರ್ಡರ್ ಕೈಗೆ ಬಂತು. ಕಮಲಾಬಾಯಿ ಓಣಿಗೆಲ್ಲ ಪೇಢೆ ಹಂಚಿದಳು. "ಇತಿಹಾಸ ಹೊಟ್ಟಿ ತುಂಬಿಸ್ತು ನೋಡ್ರಿ!"

ಮರುವಾರ ಮನಿಷಾ ಎಂದಿನಂತೆ, "ಹಿರ್ಯಾರನ್ನ ಕೇಳ್ಕೊಂಡ ಬರ್ರಿ" ಅಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಬೆಂಚಿನಿಂದ ಮಾಯಕ್ಕ ಮೆಲ್ಲಗೆ ಹೇಳಿದಳು, "ಪರೀಕ್ಷಾಕ್ಕ ಬರೂದಷ್ಟ ಹೇಳ್ರಿ, ಟೀಚರ್."

ಮನಿಷಾ ಪುಸ್ತಕ ತೆರೆದಳು.